ಏಳನೇ ಮನೆಯ ಮಾತು

ನಮ್ಮೂರಲ್ಲಿ ಸಾಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಬೇರೆ ಊರುಗಳಲ್ಲಿ ಮನುಷ್ಯ ಕಣ್ಣು ಮುಚ್ಚಿದರೆ ಮುಗಿಯಿತಂತೆ, ನೆಂಟರು ಬರುವ ಹೊತ್ತಿಗೆ ಹೆಣ ತಣ್ಣಗಾಗಿರುತ್ತದಂತೆ. ಸುಣ್ಣ ಕೊಳ್ಳಲು ಬರುವ ಗಾಡಿಯವರು ಹಾಗೆ ಹೇಳಿದರೆ ನಮ್ಮ ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಾರೆ. ಯಾರನ್ನೂ ಒಂದು ಮಾತು ಕೇಳದೆ ಎದ್ದು ಹೋಗುವುದೆಂದರೆ ಏನು, ಊರಲ್ಲಿ ಹೇಳುವವರು ಕೇಳುವವರು ಇಲ್ಲವೇ ಎಂದು. ನಮ್ಮಲ್ಲಿ ಇದ್ದಾರೆ. ಏಳು ಮಾತಿನ ಮನೆಗಳಿವೆ. ರೋಗಿಯ ಜೀವ ಅತ್ತ ಹೋಗದೆ ಇತ್ತ ಬಾರದೆ ತೂಗಾಡುವಾಗ ಆ ಮನೆಯವರು ಬಂದು ನೋಡಿ ‘ಹೋಗಲಿ’ ಎನ್ನುತ್ತಾರೆ, ಇಲ್ಲವೇ ‘ಇರಲಿ’ ಎನ್ನುತ್ತಾರೆ. ಏಳರಲ್ಲಿ ನಾಲ್ಕು ಮನೆ ಒಂದೇ ಮಾತಾಡಿದರೆ ಮಾತು ಬಿತ್ತು ಎಂದು ಲೆಕ್ಕ. ಅದು ಬೀಳುವವರೆಗೆ ರೋಗಿಯೂ ಕಾಯುತ್ತಾನೆ, ಮನೆಯವರೂ ಕಾಯುತ್ತಾರೆ.

ಈ ಏಳರಲ್ಲಿ ಯಾವ ಮನೆಯೂ ಹೆಚ್ಚಲ್ಲ. ನಮ್ಮತ್ತೆಯ ಕಾಲದಲ್ಲಿ ಒಮ್ಮೆ, ಏಳು ಜನರ ತಾಪತ್ರಯ ಯಾಕೆಂದು ಒಬ್ಬನನ್ನೇ ಯಜಮಾನ ಮಾಡಿದ್ದರಂತೆ. ಅವನು ಬೀಗರ ಊರಿಗೆ ಹೋಗಿ ಹೋಳಿಗೆ ಊಟ ಮಾಡುತ್ತ ಕೂತ. ಇಲ್ಲಿ ಒಬ್ಬ ಮುದುಕಿ ಅವನು ಬರುವವರೆಗೆ ಗೊರಗೊರ ಎನ್ನುತ್ತ ಮಲಗಿದ್ದಳು. ಅಂದಿನಿಂದ ಯಜಮಾನಿಕೆಯ ಆಸೆ ಯಾರಿಗೂ ಹುಟ್ಟಿಲ್ಲ. ನಮ್ಮದೂ ಒಂದು ಮಾತಿನ ಮನೆ. ಅತ್ತೆ ಹೋದ ಮೇಲೆ ಆ ಹೊಣೆ ನನಗೆ ಬಂತು. ಅವರ ಒಡವೆ ಬಂದಿದ್ದರೆ ಚೆನ್ನಾಗಿತ್ತು, ಬಂದದ್ದು ಇದು. ಗಿರಿಯಮ್ಮ ಬಂದಳು ಎಂದರೆ ರೋಗಿಯ ಮನೆಯವರು ಎದ್ದು ನಿಲ್ಲುತ್ತಾರೆ, ಆಮೇಲೆ ಸಂತೆಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ.

ಎಲ್ಲರಿಗೂ ಇರಲಿ ಎಂದುಬಿಟ್ಟರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಅವರು ನಮ್ಮ ಹೊನ್ನೂರಪ್ಪನನ್ನು ನೋಡಿಲ್ಲ. ಇರಲಿ ಎಂದರೆ ಇರುವುದಷ್ಟೇ, ವಾಸಿಯಾಗುವುದು ಅವರವರ ಮೈಗೆ ಬಿಟ್ಟದ್ದು. ಏಳುವ ಮೈ ಎದ್ದು ಓಡಾಡುತ್ತದೆ, ಏಳಲಾರದ ಮೈ ಇದ್ದ ಹಾಗೇ ಇರುತ್ತದೆ. ಹೊನ್ನೂರಪ್ಪನ ಮಕ್ಕಳು ಅತ್ತು ಕರೆದು ಅವನಿಗೆ ಇರಲಿ ಎನ್ನಿಸಿದರು. ಈಗ ಆ ಮಕ್ಕಳೇ ಮಣ್ಣು ಸೇರಿದ್ದಾರೆ, ಮೊಮ್ಮಕ್ಕಳು ಅವನನ್ನು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಆಗಾಗ ಮಗ್ಗುಲು ಬದಲಿಸಿ ಹಾಕುತ್ತಾರೆ. ನಾನು ಆ ದಾರಿಯಲ್ಲಿ ಹೋದಾಗೆಲ್ಲ, ಹೋಗಲಿ ಎನ್ನು ತಾಯಿ ಎಂದು ಕೈ ಮುಗಿಯುತ್ತಾನೆ. ಒಮ್ಮೆ ಬಿದ್ದ ಮಾತು ಬಿದ್ದದ್ದೇ, ಏಳು ಮನೆ ಸೇರಿದರೂ ಅದನ್ನು ಎತ್ತಲಾಗುವುದಿಲ್ಲ. ನಾನು ತಲೆ ತಗ್ಗಿಸಿಕೊಂಡು ದಾಟುತ್ತೇನೆ.

ಅದಕ್ಕೇ ಮಾತಿಗೆ ಮೊದಲು ಕೇಳಿಕೆ ಇಟ್ಟಿದ್ದಾರೆ. ರೋಗಿಯ ಕಡೆಯವರು ನಾಲ್ಕು ಮನೆಗೆ ಹೋಗಿ, ಈ ಜೀವಕ್ಕೆ ನೀವು ಆಗಲೇ ಏನಾದರೂ ಅಂದಿದ್ದೀರಾ ಎಂದು ಕೇಳಬೇಕು. ಒಂದು ಮನೆಯಾದರೂ ಹೌದು ಎಂದರೆ ಹೊಸ ಮಾತು ಹುಟ್ಟಿಸುವಂತಿಲ್ಲ, ಅಂದ ಮಾತನ್ನೇ ಹೊತ್ತುಕೊಂಡು ಉಳಿದ ಮನೆಗಳಿಗೆ ಹೋಗಬೇಕು. ಏಳರಲ್ಲಿ ನಾಲ್ಕು ಮನೆಯವರು ಮಾತಾಡಿದ್ದು, ಬೇರೊಬ್ಬರು ಬಂದು ಯಾವುದಾದರೂ ನಾಲ್ಕು ಮನೆ ಕೇಳಿದರೆ, ಎಲ್ಲೋ ಒಂದು ಮನೆ ಎರಡರಲ್ಲೂ ಇದ್ದೇ ಇರುತ್ತದೆ. ಆ ಒಂದು ಮನೆಯಿಂದಾಗಿ ಒಂದು ಜೀವಕ್ಕೆ ಎರಡು ಮಾತು ಎಂದೂ ಬೀಳುತ್ತಿರಲಿಲ್ಲ. ಇನ್ನೊಂದು ಕಟ್ಟಳೆಯೂ ಇದೆ. ರೋಗಿಯ ಒಡಹುಟ್ಟಿದವರದು ಮಾತಿನ ಮನೆಯಾಗಿದ್ದರೆ ಅವರು ಬಾಯಿ ತೆರೆಯುವಂತಿಲ್ಲ. ಕರುಳಿನ ಸಂಬಂಧ ಇದ್ದವರ ಮಾತು ನೆಟ್ಟಗಿರುವುದಿಲ್ಲ ಎಂದು ಹಿರಿಯರಿಗೆ ಗೊತ್ತಿತ್ತು.

ಊರಿನ ನಡುವೆ ಆಳವಾದ ಕೊರಕಲು. ಈಚೆಕೇರಿಯಲ್ಲಿ ನಾಲ್ಕು ಮಾತಿನ ಮನೆ, ಆಚೆಕೇರಿಯಲ್ಲಿ ಮೂರು, ನಡುವೆ ಹಲಗೆಯ ತೂಗುಸೇತುವೆ. ಗೂಡುಜ್ವರ ಬಂದಾಗ, ಸುಣ್ಣ ಸುಡುವ ಗೂಡುಗಳ ಹೊಗೆ ಕುಡಿದು ಬೆಳೆದ ನಮ್ಮ ಎದೆಗಳಿಗೆ ಅದು ಬೆಂಕಿಯಂತೆ ಹತ್ತಿತು. ರೋಗ ಅವರಿಂದ ಬಂತೆಂದು ನಾವು, ನಮ್ಮಿಂದ ಬಂತೆಂದು ಅವರು. ಎರಡೂ ಕಡೆಯ ಗಂಡಸರು ಜಗಳವಾಡುತ್ತಲೇ, ಆದರೆ ಬಹಳ ಒಗ್ಗಟ್ಟಿನಿಂದ, ಸೇತುವೆಯ ಹಲಗೆಗಳನ್ನು ಕಿತ್ತರು. ಕಿತ್ತ ಮೇಲೆ ಬುದ್ಧಿ ಬಂತು. ಆಚೆಕೇರಿಯಲ್ಲಿ ಇರುವುದೇ ಮೂರು ಮನೆ, ನಾಲ್ಕನೆಯ ಮಾತಿಗೆ ಅವರು ಎಲ್ಲಿಗೆ ಹೋಗಬೇಕು. ಅಲ್ಲಿ ಯಾರೂ ಸಾಯಲಿಲ್ಲ, ಯಾರೂ ಏಳಲೂ ಇಲ್ಲ. ನರಳುವ ಸದ್ದು ಕೊರಕಲು ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು, ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮಾತಿನ ಮನೆಯವರಲ್ಲೆಲ್ಲ ಹಿರಿಯ ನಮ್ಮ ಓಬಜ್ಜ. ಅವನು ಕೊರಕಲಿನ ಅಂಚಿನಲ್ಲಿ ನಿಂತು ಎರಡೂ ಕಡೆಯವರಿಗೆ ಕೇಳುವಂತೆ ಕೂಗಿ ಹೇಳಿದ.

“ನಾಲ್ಕು ಬ್ಯಾಡ, ಮೂರು ಮನೆಯೋರು ಅಂದ್ರೆ ಸಾಕು, ಮಾತು ಬೀಳ್ಲಿ. ಪಾಪ, ಜನ ಒದ್ದಾಡ್ತಾವ್ರೆ. ಆದ್ರೆ ಒಂದು ತಿಳ್ಕಳ್ರಪ್ಪ. ಮಾತಲ್ಲಿ ಒಂದು ಮನೆ ಕಮ್ಮಿ ಮಾಡಿದ್ರೆ ಕೇಳಿಕೇಲಿ ಒಂದು ಮನೆ ಜಾಸ್ತಿ ಮಾಡ್ಬೇಕು. ಐದು ಮನೆ ಕೇಳ್ದೆ ಯಾರೂ ಬಾಯಿ ಬಿಡ್ಬ್ಯಾಡಿ.”

ಐದು ಎಂದರೆ ನಾವು ಎದುರು ದಡದ ಒಂದು ಮನೆಯನ್ನಾದರೂ, ಅವರು ಎರಡನ್ನಾದರೂ ಕೂಗಿ ಕೇಳಲೇಬೇಕು. ಅಜ್ಜ ಹೇಳಿದ್ದರಲ್ಲಿ ಮೊದಲ ಅರ್ಧ ಎಲ್ಲರಿಗೂ ಬಲು ಹಿಡಿಸಿತು. ಎರಡನೆಯ ಅರ್ಧವನ್ನೂ ಜನ ಕೆಲಕಾಲ ನಿಷ್ಠೆಯಿಂದಲೇ ನಡೆಸಿದರು. ಅಂಚಿಗೆ ಬಂದು ಇಂಥವರ ಮಗ, ಇಂಥವರ ಸೊಸೆ ಎಂದು ಕೂಗುವುದು, ಎದುರಿನವರು ನಾವೇನೂ ಅಂದಿಲ್ಲ ಎಂದು ಕೂಗುವುದು. ಆಚೆಯ ನರಳಾಟ ಒಂದೊಂದಾಗಿ ಇಳಿಯಿತು. ನಾವು ನೆಮ್ಮದಿಯಾಗಿ ಉಂಡೆವು.

ಆಮೇಲೆ ಬಿಳಿಗಾಳಿ ಶುರುವಾಯಿತು. ಸುಣ್ಣದ ಪುಡಿಯನ್ನು ಎಬ್ಬಿಸಿಕೊಂಡು ಕೊರಕಲಿನ ಉದ್ದಕ್ಕೂ ಬೀಸುವ ಆ ಗಾಳಿಯಲ್ಲಿ ಪಕ್ಕದಲ್ಲಿ ನಿಂತವರ ಮಾತೇ ಕೇಳುವುದಿಲ್ಲ. ಜನ ಅಂಚಿಗೆ ಹೋಗಿ ಕೂಗುತ್ತಿದ್ದರು, ನಿಲ್ಲುತ್ತಿದ್ದರು, ಉತ್ತರ ಬರುತ್ತಿರಲಿಲ್ಲ. ಉತ್ತರ ಬರಲಿಲ್ಲವೆಂದರೆ ಅವರು ಏನೂ ಅಂದಿಲ್ಲ ಎಂದುಕೊಂಡು ವಾಪಸು ಬರುತ್ತಿದ್ದರು. ಹೇಳಲು ಏನೂ ಇಲ್ಲದೆ ಸುಮ್ಮನಿರುವುದು ಬೇರೆ, ಕೂಗಿದ್ದೇ ಕಿವಿಗೆ ಬೀಳದೆ ಸುಮ್ಮನಿರುವುದು ಬೇರೆ ಎನ್ನುವಷ್ಟು ಬುದ್ಧಿ ನಮಗೆ ಇರಲಿಲ್ಲವೆಂದಲ್ಲ. ಮನೆಯಲ್ಲಿ ರೋಗಿ ನರಳುತ್ತಿರುವಾಗ ಅದನ್ನೆಲ್ಲ ಯೋಚಿಸುವ ಪುರುಸೊತ್ತು ಯಾರಿಗಿರುತ್ತದೆ.

ನನ್ನ ತಂಗಿ ದಾಕ್ಷಿಯನ್ನು ಆಚೆಕೇರಿಯ ಉಗ್ರಪ್ಪನಿಗೆ ಕೊಟ್ಟಿದ್ದೆವು. ಹೆಸರು ಉಗ್ರಪ್ಪ, ಮನುಷ್ಯ ಮಾತ್ರ ಬೆಣ್ಣೆ. ಶಾವಿಗೆ ಹೊಸೆದುಕೊಡಲು ನನ್ನ ಮನೆಗೆ ಬಂದಿದ್ದ ದಾಕ್ಷಿ, ಹಲಗೆ ಕಿತ್ತಾಗ ಈಚೆಯೇ ಸಿಕ್ಕಿಕೊಂಡಳು. ದಿನಾ ಬೆಳಿಗ್ಗೆ ಅಂಚಿಗೆ ಹೋಗಿ, ಮೇಕೆಗೆ ಸೊಪ್ಪು ಹಾಕಿದರೋ ಇಲ್ಲವೋ, ತಲೆಗೆ ಎಣ್ಣೆ ಹಚ್ಚಿಕೊಂಡರೋ ಇಲ್ಲವೋ ಎಂದು ಗಂಡನನ್ನು ಕೂಗಿ ವಿಚಾರಿಸುತ್ತಿದ್ದಳು. ಎರಡೂ ಕೇರಿಯವರು ಕೇಳಿಸಿಕೊಂಡು ನಗುತ್ತಿದ್ದರು, ಅವಳಿಗೆ ನಾಚಿಕೆಯೆಂಬುದೇ ಇರಲಿಲ್ಲ. ಜ್ವರ ಅವಳಿಗೂ ಬಂತು. ಮಲಗಿದ್ದಾಳೆಂಬ ಸುದ್ದಿ ಗಾಳಿ ಏಳುವ ಮೊದಲೇ ಉಗ್ರಪ್ಪನಿಗೆ ಮುಟ್ಟಿತ್ತು. ಗಾಳಿ ಜೋರಾಗುವ ಹೊತ್ತಿಗೆ ಅವಳು ಉಸಿರು ಎಳೆದಾಗಲೆಲ್ಲ ಬೆನ್ನು ಚಾಪೆಯಿಂದ ಮೇಲೇಳುತ್ತಿತ್ತು. ಕಣ್ಣು ತೆರೆದೇ ಇತ್ತು, ನನ್ನ ಗುರುತು ಇರಲಿಲ್ಲ. ಏಳುವ ಮೈಯನ್ನೂ ಏಳಲಾರದ ಮೈಯನ್ನೂ ನಾನು ಬೇಕಾದಷ್ಟು ನೋಡಿದ್ದೇನೆ. ಇದು ಏಳುವ ಮೈಯಾಗಿರಲಿಲ್ಲ.

ಅಕ್ಕನಾದ್ದರಿಂದ ಮಾತು ನನ್ನದಲ್ಲ, ಕೇಳಿಕೆ ನನ್ನದು. ಈಚೆಯ ಮನೆಗಳನ್ನು ಕೇಳಿಯಾದ ಮೇಲೆ ಅಂಚಿಗೆ ಹೋಗಿ ಗಂಟಲು ಹರಿಯುವವರೆಗೆ ಕೂಗಿದೆ. ಗಾಳಿ ನನ್ನ ಬಾಯಿಗೇ ಸುಣ್ಣ ತುಂಬಿತು. ಎದುರು ದಡದಲ್ಲಿ ಯಾರೋ ನಿಂತು ಕೈ ಬೀಸಿ ಕೂಗುತ್ತಿರುವ ಹಾಗೆ ಬಿಳಿ ಪುಡಿಯ ನಡುವೆ ಮಸುಕಾಗಿ ಕಂಡಿತು. ಏನೂ ಕೇಳಿಸಲಿಲ್ಲ. ಮನೆಗೆ ಬಂದು, ಆಚೆಯವರು ಏನೂ ಅಂದಿಲ್ಲ ಎಂದೆ. ಓಬಜ್ಜ ಮತ್ತು ಇನ್ನೆರಡು ಮನೆಯವರು ದಾಕ್ಷಿಯ ತಲೆಯ ಹತ್ತಿರ ಕೂತು, ನೋಡಿ, ಹೋಗಲಿ ಎಂದರು. ಅವಳ ಬೆನ್ನು ಚಾಪೆಗೆ ಇಳಿಯಿತು, ಮತ್ತೆ ಏಳಲಿಲ್ಲ. ಗೂಡುಗಳ ಹಿಂದಿನ ಬಿಳಿಮಣ್ಣಿನಲ್ಲಿ ಹೂತೆವು. ನಾನು ಗುಂಡಿಯ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಅವಳ ಒದ್ದಾಟ ಮುಗಿಯಿತಲ್ಲ ಎಂಬ ಸಮಾಧಾನವೂ ಆ ಅಳುವಿನಲ್ಲಿತ್ತು, ಸುಳ್ಳು ಯಾಕೆ ಹೇಳಲಿ.

ಗಾಳಿ ನಿಂತ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಕೊರಕಲಿನ ಆಚೆಯಿಂದ ಅಕ್ಕಾ ಎಂದು ಯಾರೋ ಕರೆದರು. ಆ ದನಿ ನನಗೆ ಗೊತ್ತಿಲ್ಲವೇ. ಪೊರಕೆ ಹಿಡಿದೇ ಅಂಚಿಗೆ ಓಡಿದೆ. ಆಚೆ ದಡದಲ್ಲಿ ದಾಕ್ಷಿ ನಿಂತಿದ್ದಳು, ತನ್ನ ಕೆಂಪು ಅಂಚಿನ ಹಸಿರು ಸೀರೆ ಉಟ್ಟು, ಪಕ್ಕದಲ್ಲಿ ಉಗ್ರಪ್ಪ.

ನಡೆದದ್ದು ಆಮೇಲೆ ತಿಳಿಯಿತು. ಉಗ್ರಪ್ಪನೂ ಅದೇ ಗಾಳಿಯಲ್ಲಿ ಅಂಚಿಗೆ ಬಂದು ನಮ್ಮನ್ನು ಕೂಗಿದ್ದ. ಮಸುಕಾಗಿ ಕಂಡವನು ಅವನೇ. ಅವನಿಗೂ ಉತ್ತರ ಸಿಗಲಿಲ್ಲ, ಅವನೂ ಈಚೆಯವರು ಏನೂ ಅಂದಿಲ್ಲ ಎಂದುಕೊಂಡು ಮನೆಗೆ ಹೋಗಿದ್ದ. ಕಣ್ಣಲ್ಲಿ ನೋಡದ ರೋಗಿಗೆ ಮಾತು ಹೇಳುವ ಕಟ್ಟಳೆಯಿಲ್ಲ. ಆದರೆ ಜ್ವರದ ಕಾಲದಲ್ಲಿ ಎಷ್ಟೋ ಕಟ್ಟಳೆ ಸಡಿಲವಾಗಿದ್ದವು, ಅದರಲ್ಲಿ ಇದೂ ಒಂದು. ಅವಳ ಸೀರೆಯನ್ನು ಚಾಪೆಯ ಮೇಲೆ ಹಾಸಿ, ಆಚೆಯ ಮೂರು ಮನೆಯವರು ಅದನ್ನೇ ನೋಡಿ ಇರಲಿ ಎಂದರು. ಬೆಳಗಾಗುವಾಗ ಆ ಸೀರೆಯೊಳಗೆ ದಾಕ್ಷಿ ಮಲಗಿದ್ದಳು. ಈಚೆ ಅವಳ ಗುಂಡಿ ತೆಗೆದು ನೋಡುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ.

ಒಂದು ಜೀವಕ್ಕೆ ಎರಡು ಮಾತು ಬಿದ್ದ ಮೇಲೆ ಊರಿನಲ್ಲಿ ಬೇರೆ ಯಾವ ಮಾತೂ ಬೀಳದಾಯಿತು. ಮೂರಲ್ಲ, ನಾಲ್ಕು ಮನೆಯವರು ರೋಗಿಯ ಮುಂದೆ ಕೂತು ಹೋಗಲಿ ಹೋಗಲಿ ಎಂದರೂ ರೋಗಿ ಗಂಟಲಲ್ಲಿ ಉಸಿರು ಹಿಡಿದು ನಮ್ಮನ್ನೇ ನೋಡುತ್ತಿದ್ದ. ಇರಲಿ ಎಂದರೂ ಜ್ವರ ಬಿಡುತ್ತಿರಲಿಲ್ಲ. ಎರಡೂ ಕೇರಿಯಲ್ಲಿ ಮನೆಮನೆಯಿಂದ ನರಳಾಟ, ಅದರಲ್ಲಿ ತೊಟ್ಟಿಲಿನ ಕೂಸುಗಳದೂ ಸೇರಿತ್ತು. ಹೆದರಿದ ಜನ ತಾವೇ ಹೋಗಿ ಸೇತುವೆಗೆ ಹಲಗೆ ಜೋಡಿಸಿದರು. ಏಳು ಮನೆಯವರೂ ಸೇತುವೆಯ ಬಾಯಲ್ಲಿ ಸೇರಿದೆವು. ಹಳೆಯ ಕಟ್ಟಳೆಗೆ ವಾಪಸು ಹೋಗುವುದು, ನಾಲ್ಕು ಮನೆ ಒಪ್ಪಿದ ಮಾತೇ ಮಾತು ಎನ್ನುವುದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಆದರೆ ಅಂದವರು ತಮ್ಮ ಮಾತನ್ನು ಬದಲಿಸುವಂತಿಲ್ಲ. ದಾಕ್ಷಿಗೆ ಹೋಗಲಿ ಎಂದವರು ಮೂರು ಮನೆ, ಇರಲಿ ಎಂದವರು ಮೂರು ಮನೆ. ಬಾಯಿ ತೆರೆಯದೆ ಉಳಿದಿದ್ದದ್ದು ನನ್ನ ಮನೆ ಒಂದೇ.

ನಾನು ಒಡಹುಟ್ಟಿದವಳು, ನನಗೆ ಮಾತಿಲ್ಲ ಎಂದು ಕೂಗಾಡಿದೆ. ಕಟ್ಟಳೆ ಕಟ್ಟಳೆ ಎಂದು ಊರೆಲ್ಲ ಹೇಳುತ್ತೀರಿ, ನನ್ನ ವಿಷಯಕ್ಕೆ ಬಂದಾಗ ಅದು ಎಲ್ಲಿ ಹೋಯಿತು ಎಂದೆ. ಯಾರೂ ನನ್ನ ಮುಖ ನೋಡಲಿಲ್ಲ. ಕೊನೆಗೆ ಓಬಜ್ಜನನ್ನು ಪಕ್ಕಕ್ಕೆ ಕರೆದು ಕೇಳಿದೆ, ನಾನು ಇರಲಿ ಎಂದರೆ ಅವಳು ಎಲ್ಲರ ಹಾಗೆ ಬದುಕುತ್ತಾಳಾ ಎಂದು.

“ಗೊತ್ತಿಲ್ಲ ಕಣವ್ವ,” ಎಂದ ಅಜ್ಜ. “ಹಿಂಗೆ ಯಾವತ್ತೂ ಆಗಿಲ್ಲ. ಬದುಕಿದ್ರೂ ಬದುಕ್ಬೋದು. ಇಲ್ಲಾಂದ್ರೆ ಈಗ ಹೆಂಗವ್ಳೋ ಹಂಗೇ ಇದ್ಬಿಡ್ತಾಳೆ. ಹೋಗಿ ನೋಡು. ನೋಡಿ ಹೇಳು.”

ಮಧ್ಯಾಹ್ನದ ಬಿಸಿಲಲ್ಲಿ ಸೇತುವೆ ದಾಟಿ ಹೋದೆ. ದಾಕ್ಷಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ನಕ್ಕಳು, ಅದೇ ಹಲ್ಲು, ಅದೇ ಕೆನ್ನೆ. ಪಕ್ಕದಲ್ಲಿ ಒಂದು ಬೋಗುಣಿ ಇತ್ತು, ಅದರ ತುಂಬ ಒದ್ದೆ ಬಿಳಿಮಣ್ಣು. ಮಾತಾಡುವ ಮೊದಲು ಅವಳು ಬಗ್ಗಿ ಬೋಗುಣಿಗೆ ಉಗುಳಿದಳು, ಉಗ್ರಪ್ಪ ಬಟ್ಟೆಯಿಂದ ಬಾಯಿ ಒರೆಸಿದ. ಅವನ ಮುಖ ಇಳಿದುಹೋಗಿತ್ತು.

“ಮಣ್ಣು ಬರ್ತದೆ ಅಕ್ಕ,” ಎಂದಳು. “ಉಗುಳಿದ್ರೆ ಮತ್ತೆ ಬರ್ತದೆ. ಮೊದಮೊದ್ಲು ನಾಲಿಗೇಲಿ ಬರೀ ರುಚಿ ಇತ್ತು. ಈಗ ಎದೇಲೂ ಇದ್ದಂಗೆ ಐತೆ.”

ಅವಳ ಕೈ ಹಿಡಿದು ನೋಡಿದೆ. ಬೆರಳ ತುದಿಗಳು ಬೆಳ್ಳಗೆ ಬಿಗಿದುಕೊಂಡಿದ್ದವು. ನಿನ್ನೆ ಮಡಚುತ್ತಿದ್ದ ಬೆರಳು ಇವತ್ತು ಮಡಚುತ್ತಿಲ್ಲ ಎಂದು ಉಗ್ರಪ್ಪ ಮೆಲ್ಲಗೆ ಹೇಳಿದ. ಹೇಳಿದವನೇ, ಅದೆಲ್ಲ ಆ ಕಡೆಯವರ ಮಾತಿನಿಂದ ಆಗುತ್ತಿರುವುದು, ಇರಲಿ ಎನ್ನುವುದೊಂದೇ ಉಳಿದರೆ ಮಣ್ಣು ತಾನಾಗಿ ನಿಲ್ಲುತ್ತದೆ ಎಂದ. ನಿಲ್ಲಲೇಬೇಕು ಎಂದ. ನಾನು ಹೌದೆನ್ನುತ್ತೇನೋ ಎಂದು ನನ್ನ ಬಾಯನ್ನೇ ನೋಡುತ್ತ ನಿಂತ.

“ನಂಗೆ ಹೋಗ್ಲಿ ಅಂತ ಕೇಳಕ್ಕೆ ಹೋಗಿದ್ದು ಯಾರಕ್ಕ?” ದಾಕ್ಷಿ ಕೇಳಿದಳು.

“ನಾನೇ ಕಣೆ.”

ಅವಳು ಬಗ್ಗಿ ಬೋಗುಣಿಗೆ ಮತ್ತೊಮ್ಮೆ ಉಗುಳಿದಳು. “ಬಾಳ ನೋವಿತ್ತಾ ನಂಗೆ?”

“ಇತ್ತು ಕಣೆ. ಬಾಳ ಇತ್ತು.”

“ನಂಗೆ ಒಂದೂ ನೆಪ್ಪಿಲ್ಲ,” ಎಂದಳು. “ಈಗ ಅಷ್ಟು ನೋವಿಲ್ಲ ಅಕ್ಕ. ಇರ್ಲಿ ಅನ್ನು. ಮಣ್ಣು ಉಗುಳ್ಕಂಡೇ ಇರ್ತೀನಿ. ಇವ್ರಿಗೆ ಒಬ್ಬರೇ ಉಣ್ಣಕ್ಕೂ ಬರಲ್ಲ.”

ಉಗ್ರಪ್ಪ ಮೇಕೆ ನೋಡಲು ಹಿತ್ತಿಲಿಗೆ ಹೋದ. ನಾನು ಅವಳ ಪಕ್ಕದಲ್ಲಿ ಕೂತ ಹೊತ್ತು ಎಷ್ಟೋ ಗೊತ್ತಿಲ್ಲ. ಅವಳ ತಲೆ ಬಾಚಿದೆ. ಬಾಚಣಿಗೆಗೆ ಕೂದಲಿನ ಜೊತೆ ಬಿಳಿ ಪುಡಿ ಬರುತ್ತಿತ್ತು. ಬೀದಿಯಿಂದ ಒಂದು ಕೂಸು ಅಳುವುದು ಕೇಳುತ್ತಿತ್ತು, ಅಳುವುದಕ್ಕೂ ಉಸಿರು ಸಾಲದ ಕೂಸು. ನಾನು ಯಾವ ಮಾತು ಹೇಳಿದರೂ ಅದಕ್ಕೆ ಬಿಡುಗಡೆ ಸಿಗುತ್ತಿತ್ತು. ಹಾಗಾಗಿ ಊರಿನ ನೆಪ ಹೇಳುವಂತೆಯೂ ಇರಲಿಲ್ಲ, ನನ್ನೆದುರಿಗೆ ಇದ್ದದ್ದು ದಾಕ್ಷಿ ಒಬ್ಬಳೇ. ಇರಲಿ ಎಂದ ಮೇಲೆ ಮಣ್ಣು ನಿಂತರೆ, ಅವಳು ನಾಳೆಯೇ ಮೇಕೆಗೆ ಸೊಪ್ಪು ಹಾಕುತ್ತಾಳೆ. ನಿಲ್ಲದಿದ್ದರೆ, ಬೆರಳಾದ ಮೇಲೆ ಕೈ, ಕೈಯಾದ ಮೇಲೆ ಗಂಟಲು, ಕಣ್ಣು. ಆಮೇಲೂ ಇರುತ್ತಾಳೆ. ಉಗ್ರಪ್ಪ ಸತ್ತ ಮೇಲೂ, ನಾನು ಸತ್ತ ಮೇಲೂ, ಯಾರದೋ ಮನೆಯ ಮೂಲೆಯಲ್ಲಿ, ಹೋಗಲಿ ಎನ್ನಿ ಎಂದು ಕೇಳಲು ನಾಲಿಗೆಯೂ ಇಲ್ಲದೆ ಇರುತ್ತಾಳೆ. ಯಾವುದು ಆಗುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ. ನಾನು ಮತ್ತೊಮ್ಮೆ ಅವಳ ಮೈಯನ್ನು ನೋಡಿದೆ, ಅಕ್ಕನಾಗಿ ಅಲ್ಲ, ಮಾತಿನ ಮನೆಯವಳಾಗಿ. ಅದೇ ಕಣ್ಣು ಅದನ್ನೇ ಹೇಳಿತು, ಇದು ಏಳುವ ಮೈಯಲ್ಲ ಎಂದು. ಆ ಕಣ್ಣಿಗೆ ಮೊದಲ ಸಲ ತಾನು ಕಂಡದ್ದೇ ಸರಿ ಎಂಬ ಹಟ ಇತ್ತೋ ಏನೋ, ನನಗೆ ಈಗಲೂ ಗೊತ್ತಿಲ್ಲ.

ನಾನು ಬಾಚಣಿಗೆ ಕೆಳಗಿಟ್ಟೆ. ದಾಕ್ಷಿಗೆ ನನ್ನ ಮುಖ ನೋಡಿಯೇ ತಿಳಿಯಿತು, ಚಿಕ್ಕಂದಿನಿಂದಲೂ ಅವಳಿಂದ ನನಗೆ ಏನನ್ನೂ ಮುಚ್ಚಿಡಲಾಗಿಲ್ಲ. ಅವಳು ಅಳಲಿಲ್ಲ, ಗಂಡನನ್ನು ಕರೆಯಲಿಲ್ಲ. ಆ ಬಿಗಿದ ಕೈಯನ್ನು ಎತ್ತಿ ನನ್ನ ಬಾಯಿಯ ಮೇಲೆ ಇಟ್ಟಳು. ಎಷ್ಟು ಶಕ್ತಿ ಇತ್ತೋ ಅಷ್ಟನ್ನೂ ಹಾಕಿ ಒತ್ತಿದಳು. ಒದ್ದೆ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ನಾನು ಆ ಕೈಯನ್ನು ಹಿಡಿದು ಬಿಡಿಸಿದೆ. ಅವಳು ಮತ್ತೆ ಇಟ್ಟಳು. ಮತ್ತೆ ಬಿಡಿಸಿದೆ, ಈ ಸಲ ಬಿಡದೆ ನನ್ನ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಅವಳ ಕಣ್ಣನ್ನೇ ನೋಡುತ್ತ ಹೋಗಲಿ ಎಂದೆ.

ಮೊದಲು ಬೀದಿಯ ಕೂಸು ಸುಮ್ಮನಾಯಿತು. ಆಮೇಲೆ ಪಕ್ಕದ ಮನೆ, ಅದರಾಚೆಯ ಮನೆ, ಆಮೇಲೆ ಕೊರಕಲು ದಾಟಿ ನಮ್ಮ ಈಚೆಕೇರಿ. ಇಷ್ಟು ಕಾಲ ಕಿವಿಯಲ್ಲಿ ತುಂಬಿದ್ದ ನರಳಾಟ ಕೇರಿ ಕೇರಿಯಾಗಿ ಇಳಿದುಹೋಯಿತು. ಎಲ್ಲೋ ಹೆಂಗಸರು ಅಳತೊಡಗಿದರು, ಎಲ್ಲೋ ಒಬ್ಬ ಎದ್ದು ಕೂತು ನೀರು ಕೇಳಿದನಂತೆ. ಸೇತುವೆಯ ಹತ್ತಿರ ಕಾಯುತ್ತಿದ್ದ ಜನ ಬಂದು ಬಾಗಿಲಲ್ಲಿ ನಿಂತರು. ಅವರಲ್ಲೊಬ್ಬಳು ಒಳಗೆ ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ನಾನು ಕಾಲು ಎಳೆದುಕೊಳ್ಳಲಿಲ್ಲ.

ದಾಕ್ಷಿ ಒರಗಿ ಕೂತಿದ್ದ ಗೋಡೆಯ ಬುಡದಲ್ಲಿ ಅವಳ ಹಸಿರು ಸೀರೆಯಷ್ಟೇ ಬಿದ್ದಿತ್ತು, ಅದರ ಮಡಿಕೆಗಳಲ್ಲಿ ಬಿಳಿಮಣ್ಣು. ಹಿತ್ತಿಲಿನಿಂದ ಬಂದ ಉಗ್ರಪ್ಪ ಜನರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ. ನೆಲದ ಮೇಲೆ ಕೂತು, ಚೆಲ್ಲಿದ ಮಣ್ಣನ್ನು ಅಂಗೈಯಲ್ಲಿ ಬಳಿದು ಬಳಿದು ಸೀರೆಗೆ ಹಾಕಿದ. ಬೋಗುಣಿಯದನ್ನೂ ಹಾಕಿದ, ಬಾಚಣಿಗೆಯದನ್ನೂ ಕೊಡವಿ ಹಾಕಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ನಾನು ಕಾದೆ. ಬೆಣ್ಣೆಯಂಥ ಮನುಷ್ಯ, ಅವನಿಗೆ ಅದು ಬರಲಿಲ್ಲ. ಸೀರೆಯ ಎರಡು ತುದಿ ಎತ್ತಿ ಗಂಟು ಹಾಕಲು ಹೋದವನು ನಿಂತು, ನನ್ನ ಬಲಗೈಯನ್ನು ನೋಡಿದ. ದಾಕ್ಷಿಯ ಕೈ ಹಿಡಿದಿದ್ದ ಅದು ಇನ್ನೂ ಮುಷ್ಟಿಯಾಗಿಯೇ ಇತ್ತು.

“ಅದನ್ನೂ ಕೊಡಿ ಅಕ್ಕ,” ಎಂದ. “ಅದೂ ನಂದೇ.”

ನಾನು ಮುಷ್ಟಿ ಬಿಚ್ಚಿ, ಸೀರೆಯ ಮೇಲೆ ಕೈ ಕೊಡವಿದೆ.